ಮರದ ತೂಕ ಬರುವುದು ಮಣ್ಣಿನಿಂದಲ್ಲ, ಗಾಳಿಯಿಂದ: ‘ಆಕ್ಸಿಜನ್ ಮರ’ದ ಫಾರ್ವರ್ಡ್‌ಗಳ ಹಿಂದಿನ ಲೆಕ್ಕ

ಜೂನ್ 5 ಹತ್ತಿರ ಬಂದರೆ ಸಾಕು, ಮರಗಳ ಬಗ್ಗೆ ಫಾರ್ವರ್ಡ್‌ಗಳ ಮಳೆ ಶುರುವಾಗುತ್ತದೆ. ಒಂದು ಮರ ಇಷ್ಟು ಜನರಿಗೆ ಉಸಿರು ಕೊಡುತ್ತದೆ, ಅರಳಿ ಮರ ಹಗಲು ರಾತ್ರಿ ಎನ್ನದೆ 24 ಗಂಟೆಯೂ ಆಕ್ಸಿಜನ್ ಬಿಡುತ್ತದೆ, ಮಲಗುವ ಕೋಣೆಯಲ್ಲಿ ಈ ಗಿಡ ಇಟ್ಟರೆ ರಾತ್ರಿಯೆಲ್ಲ ಶುದ್ಧ ಗಾಳಿ, ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶ. ಹಸಿರು ಎಲೆಯ ಚಿತ್ರ, ಕೆಳಗೆ ಕೈಮುಗಿಯುವ ಇಮೋಜಿ. ಯಾರಿಗೂ ಇದರಿಂದ ನಷ್ಟವಿಲ್ಲ ಎನ್ನಿಸುತ್ತದೆ. ಮರ ನೆಡಿ ಎಂದು ಹೇಳುವ ಸಂದೇಶ ತಪ್ಪಾಗಿದ್ದರೂ ಏನಾಯಿತು?

ಆಗುವುದೂ ಉಂಟು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಉಸಿರಾಟದ ತೊಂದರೆ ಇದ್ದವರು ಆಕ್ಸಿಜನ್ ಹೆಚ್ಚುತ್ತದೆಂದು ನಂಬಿ ಅರಳಿ ಮರದ ಕೆಳಗೆ ಮಲಗಿದ ಸುದ್ದಿ ಉತ್ತರ ಪ್ರದೇಶದಿಂದ ಬಂದಿತ್ತು. ಇನ್ನೊಂದು ನಮ್ಮೂರಲ್ಲೇ ನಡೆಯುವುದು: ರಸ್ತೆ ಅಗಲ ಮಾಡಲು ದೊಡ್ಡ ಮರ ಉರುಳಿಸಿ, ‘ಒಂದಕ್ಕೆ ಹತ್ತು ಸಸಿ ನೆಡುತ್ತೇವೆ’ ಎಂದಾಗ ನಾವು ತಲೆಯಾಡಿಸುತ್ತೇವೆ. ಹತ್ತು ಒಂದಕ್ಕಿಂತ ಹೆಚ್ಚಲ್ಲವೇ? ಈ ಲೆಕ್ಕ ಸರಿಯೇ ಎಂದು ಕೇಳಬೇಕಾದರೆ ಮೊದಲು ಒಂದು ಸರಳ ಪ್ರಶ್ನೆಗೆ ಉತ್ತರ ಬೇಕು. ಮರ ಯಾವುದರಿಂದ ಆಗಿದೆ?

ಐದು ವರ್ಷ ತೂಗಿ ನೋಡಿದವನು

ಯಾರನ್ನಾದರೂ ಕೇಳಿ, ಸಣ್ಣ ಬೀಜ ಟನ್‌ಗಟ್ಟಲೆ ತೂಗುವ ಮರವಾಯಿತಲ್ಲ, ಆ ತೂಕ ಎಲ್ಲಿಂದ ಬಂತು ಅಂತ. ಹೆಚ್ಚಿನವರ ಉತ್ತರ ‘ಮಣ್ಣಿನಿಂದ’. ಇನ್ನು ಕೆಲವರು ‘ಗೊಬ್ಬರದಿಂದ’ ಎನ್ನುತ್ತಾರೆ. ನೋಡಿದರೆ ಹಾಗೇ ಕಾಣುತ್ತದೆ, ಬೇರು ಇರುವುದು ಮಣ್ಣಿನಲ್ಲೇ ತಾನೇ.

ಸುಮಾರು ನಾನೂರು ವರ್ಷದ ಹಿಂದೆ ಈಗಿನ ಬೆಲ್ಜಿಯಂ ಪ್ರದೇಶದಲ್ಲಿದ್ದ ಯಾನ್ ಬಾಪ್ಟಿಸ್ಟಾ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಗಿಯೇ ನೋಡಿದ. ಒಂದು ದೊಡ್ಡ ಕುಂಡದಲ್ಲಿ ಒಣಗಿಸಿ ತೂಗಿದ 200 ಪೌಂಡ್ ಮಣ್ಣು ಹಾಕಿ, 5 ಪೌಂಡ್ ತೂಕದ ವಿಲ್ಲೋ ಗಿಡ ನೆಟ್ಟ. ಧೂಳು ಬೀಳದಂತೆ ಕುಂಡದ ಬಾಯಿಗೆ ತೂತುಗಳಿದ್ದ ತಗಡು ಮುಚ್ಚಿದ. ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಐದು ವರ್ಷ ಕಳೆದ ಮೇಲೆ ಮರ ಕಿತ್ತು ತೂಗಿದರೆ 169 ಪೌಂಡ್ ಚಿಲ್ಲರೆ, ಅಂದರೆ 75 ಕಿಲೋಗೂ ಹೆಚ್ಚು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದ. ಕಡಿಮೆಯಾಗಿದ್ದುದು ಎರಡು ಔನ್ಸ್ ಮಾತ್ರ, ನಮ್ಮ ಲೆಕ್ಕದಲ್ಲಿ 60 ಗ್ರಾಂ ಒಳಗೆ.

ಹಾಗಾದರೆ ಮರ ಪೂರ್ತಿ ನೀರಿನಿಂದಲೇ ಆಗಿದೆ ಎಂದು ವಾನ್ ಹೆಲ್ಮಾಂಟ್ ತೀರ್ಮಾನಿಸಿದ. ತಪ್ಪು. ಆದರೆ ಅವನನ್ನು ನಗುವ ಹಾಗಿಲ್ಲ. ತಾನು ಕೊಟ್ಟದ್ದು ನೀರು ಮಾತ್ರ, ಹಾಗಾಗಿ ಬಂದದ್ದೂ ಅದರಿಂದಲೇ ಎಂದುಕೊಂಡ. ಅವನು ಕೊಡದೆಯೇ ಮರಕ್ಕೆ ಸಿಗುತ್ತಿದ್ದದ್ದು ಗಾಳಿ. ಇದರಲ್ಲೊಂದು ತಮಾಷೆ ಇದೆ. ‘ಗ್ಯಾಸ್’ ಎಂಬ ಪದವನ್ನು ಹುಟ್ಟುಹಾಕಿದವನೇ ಈ ಮನುಷ್ಯ. 62 ಪೌಂಡ್ ಇದ್ದಿಲು ಸುಟ್ಟರೆ ಒಂದು ಪೌಂಡ್ ಬೂದಿ ಉಳಿಯುತ್ತದೆ, ಮಿಕ್ಕದ್ದು ಕಣ್ಣಿಗೆ ಕಾಣದ ಒಂದು ಗ್ಯಾಸ್ ಆಗಿ ಹೋಗುತ್ತದೆ ಎಂದು ಬರೆದಿಟ್ಟವನೂ ಇವನೇ. ಮರ ಸುಟ್ಟಾಗ ಹೋಗುವ ಆ ಗ್ಯಾಸೇ ಮರ ಬೆಳೆಯುವಾಗ ಒಳಗೆ ಬಂದಿತ್ತು ಎಂಬ ಒಂದು ಹೆಜ್ಜೆ ಮಾತ್ರ ಅವನಿಗೆ ಹೊಳೆಯಲಿಲ್ಲ. ಅವನ ಬರಹ ಅಚ್ಚಾದದ್ದು ಅವನು ಸತ್ತ ಮೇಲೆ, 1648ರಲ್ಲಿ.

ಅದೇ ಪ್ರಯೋಗವನ್ನು ನೀವು ಬಚ್ಚಲೊಲೆಯಲ್ಲಿ ನೋಡಿರುತ್ತೀರಿ. ಹೊರೆಗಟ್ಟಲೆ ಸೌದೆ ಉರಿಸಿದರೂ ಬೂದಿ ಬಾಚಿದರೆ ಒಂದು ಮೊರದಷ್ಟೂ ಆಗುವುದಿಲ್ಲ. 100 ಕಿಲೋ ಒಣ ಸೌದೆಗೆ ಬೂದಿ ಸಾಮಾನ್ಯವಾಗಿ ಒಂದೆರಡು ಕಿಲೋ. ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದ ಆ ಬೂದಿಯೇ ಮಣ್ಣಿನಿಂದ ಬಂದ ಪಾಲು (ಮಣ್ಣಿನಿಂದ ಬಂದ ಸಾರಜನಕ ಹೊಗೆಯ ಜೊತೆ ಹೋಗಿರುತ್ತದೆ, ಅದೂ ಸ್ವಲ್ಪವೇ). ಪಾಲು ಸಣ್ಣದು ಎಂದ ಮಾತ್ರಕ್ಕೆ ಬೇಡ ಎಂದಲ್ಲ. ಸಾಂಬಾರಿಗೆ ಉಪ್ಪು ಎಷ್ಟು ಹಾಕುತ್ತೇವೆ? ಆದರೆ ಉಪ್ಪಿನಿಂದಲೇ ಸಾಂಬಾರು ಆಗುವುದಿಲ್ಲ. ಗೊಬ್ಬರವೂ ಹಾಗೆ.

ಎಲೆಯೊಳಗೆ ನಡೆಯುವುದು ಏನು?

ವಾನ್ ಹೆಲ್ಮಾಂಟ್ ನಂತರ ಉತ್ತರ ತುಂಡು ತುಂಡಾಗಿ ಸಿಕ್ಕಿತು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿಹೋದ ಮುಚ್ಚಿದ ಗಾಜಿನ ಪಾತ್ರೆಯೊಳಗೆ ಪುದೀನ ಗಿಡ ಇಟ್ಟ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಗಾಳಿಯಲ್ಲಿ ಮತ್ತೆ ಬತ್ತಿ ಉರಿಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದ್ದು ಇನ್ನೂ ಮುಖ್ಯ: ಇದು ನಡೆಯುವುದು ಬೆಳಕಿನಲ್ಲಿ ಮಾತ್ರ, ಹಸಿರು ಭಾಗದಲ್ಲಿ ಮಾತ್ರ. ಕತ್ತಲಲ್ಲಿ ಗಿಡವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತದೆ. 24 ಗಂಟೆ ಆಕ್ಸಿಜನ್ ಎನ್ನುವ ಫಾರ್ವರ್ಡ್‌ಗೆ ಉತ್ತರ ಸಿಕ್ಕಿ ಇನ್ನೂರ ನಲವತ್ತು ವರ್ಷ ದಾಟಿದೆ ಎಂದಾಯಿತು.

ಈಗ ನಮಗೆ ತಿಳಿದಿರುವುದು ಇಷ್ಟು. ಎಲೆಯ ಕೆಳಗಡೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮೂಲಕ ಗಾಳಿ ಒಳಗೆ ಹೋಗುತ್ತದೆ. ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು 10,000ದಲ್ಲಿ ನಾಲ್ಕು ಪಾಲು ಚಿಲ್ಲರೆ ಅಷ್ಟೇ. ಬೇರಿನಿಂದ ನೀರು ಮೇಲೆ ಬರುತ್ತದೆ. ಎಲೆಯ ಹಸಿರು ಬಣ್ಣ, ಅಂದರೆ ಪತ್ರಹರಿತ್ತು, ಬಿಸಿಲನ್ನು ಹಿಡಿಯುತ್ತದೆ. ಆ ಬಿಸಿಲಿನ ಶಕ್ತಿಯಿಂದ ಮೊದಲು ಒಡೆಯುವುದು ನೀರು. ನೀರಿನಲ್ಲಿದ್ದ ಜಲಜನಕವನ್ನು ಗಿಡ ಇಟ್ಟುಕೊಳ್ಳುತ್ತದೆ, ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ನಾವು ಉಸಿರಾಡುವ ಆಮ್ಲಜನಕ ಬಂದದ್ದು ನೀರಿನಿಂದ, ಇಂಗಾಲದ ಡೈಆಕ್ಸೈಡ್‌ನಿಂದಲ್ಲ. ಶಾಲೆಯಲ್ಲಿ ‘ಗಿಡ ಕೆಟ್ಟ ಗಾಳಿ ಎಳೆದು ಒಳ್ಳೆ ಗಾಳಿ ಬಿಡುತ್ತದೆ’ ಎಂದು ಕಲಿತವರಿಗೆ ಇದು ವಿಚಿತ್ರ ಅನ್ನಿಸಬಹುದು. 1941ರಲ್ಲಿ ಅಮೆರಿಕದ ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಸಂಗಡಿಗರು ಸ್ವಲ್ಪ ಭಾರದ ಆಮ್ಲಜನಕವಿರುವ ನೀರನ್ನು ಪಾಚಿಗೆ ಕೊಟ್ಟು, ಹೊರಗೆ ಬಂದ ಅನಿಲದಲ್ಲಿ ಆ ಭಾರದ ಆಮ್ಲಜನಕವೇ ಇರುವುದನ್ನು ಕಂಡು ಇದನ್ನು ಖಚಿತಪಡಿಸಿದರು.

ಎರಡನೇ ಹಂತದಲ್ಲಿ ಆ ಜಲಜನಕವನ್ನೂ ಶಕ್ತಿಯನ್ನೂ ಬಳಸಿ ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಕಟ್ಟುತ್ತದೆ. ವಿಕಿರಣಶೀಲ ಇಂಗಾಲವನ್ನು ಪಾಚಿಗೆ ಉಣಿಸಿ ಅದು ಯಾವ ಯಾವ ರೂಪ ತಾಳುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದ ಮೆಲ್ವಿನ್ ಕ್ಯಾಲ್ವಿನ್‌ಗೆ 1961ರ ನೊಬೆಲ್ ಸಿಕ್ಕಿತು. (ಜೊತೆಗೆ ದುಡಿದ ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬಾಷಮ್ ಅವರಿಗೆ ಸಿಗಲಿಲ್ಲ. ಬೆನ್ಸನ್‌ಗೆ ಸಿಗಬೇಕಿತ್ತು ಎನ್ನುವವರು ಈಗಲೂ ಇದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ.)

ಹೀಗೆ ಹುಟ್ಟಿದ ಸಕ್ಕರೆಯೇ ಎಲ್ಲಕ್ಕೂ ಮೂಲ. ಅದನ್ನು ಒಂದು ರೀತಿ ಜೋಡಿಸಿದರೆ ಪಿಷ್ಟ, ಅಂದರೆ ಅಕ್ಕಿ, ರಾಗಿ, ಆಲೂಗಡ್ಡೆ. ಇನ್ನೊಂದು ರೀತಿ ಜೋಡಿಸಿದರೆ ಸೆಲ್ಯುಲೋಸ್, ಅಂದರೆ ಹತ್ತಿ, ನಾರು, ಕಟ್ಟಿಗೆ. ಸೆಲ್ಯುಲೋಸ್‌ನ ತೂಕದಲ್ಲಿ ಸುಮಾರು 44 ಭಾಗ ಇಂಗಾಲ, 49 ಭಾಗ ಆಮ್ಲಜನಕ, ಉಳಿದ 6 ಭಾಗ ಜಲಜನಕ. ಇಂಗಾಲ ಮತ್ತು ಆಮ್ಲಜನಕ ಎರಡೂ ಇಂಗಾಲದ ಡೈಆಕ್ಸೈಡ್‌ನಿಂದ ಬಂದದ್ದು. ಜಲಜನಕ ಮಾತ್ರ ನೀರಿನದು. ಲೆಕ್ಕ ಹಾಕಿ: ಒಣ ಕಟ್ಟಿಗೆಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಒಂದು ಕಾಲದಲ್ಲಿ ಗಾಳಿಯಾಗಿತ್ತು. ನೀವು ಕುಳಿತ ಕುರ್ಚಿ ಮರದ್ದಾಗಿದ್ದರೆ, ಗಾಳಿಯ ಮೇಲೆಯೇ ಕುಳಿತಿದ್ದೀರಿ.

ಬಿಸಿಲು ಧಾರಾಳ, ಗಿಡದ ಕೈಗೆ ಸಿಗುವುದು ಚೂರು

ಇಷ್ಟೆಲ್ಲ ಮಾಡಿದರೂ ಬಿಸಿಲನ್ನು ಬಳಸುವುದರಲ್ಲಿ ಗಿಡ ಅಷ್ಟೇನೂ ಜಾಣ ಅಲ್ಲ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಮಾತ್ರ ಪತ್ರಹರಿತ್ತಿಗೆ ಕೆಲಸಕ್ಕೆ ಬರುವ ಬೆಳಕು. ಅದರಲ್ಲೂ ಹಂತ ಹಂತವಾಗಿ ಸೋರಿಹೋಗಿ, ಎಲ್ಲವೂ ಅನುಕೂಲವಾಗಿದ್ದರೂ ಭತ್ತ, ಗೋಧಿಯಂಥ ಬೆಳೆ ಗರಿಷ್ಠ ನೂರಕ್ಕೆ 4.6 ಭಾಗ, ಜೋಳ ಕಬ್ಬಿನಂಥವು 6 ಭಾಗ ಉಳಿಸಿಕೊಳ್ಳಬಹುದು ಎಂಬುದು ವಿಜ್ಞಾನಿಗಳ ಲೆಕ್ಕ. ಹೊಲದಲ್ಲಿ ನಿಜವಾಗಿ ಸಿಗುವುದು ಸಾಮಾನ್ಯವಾಗಿ ಒಂದು ಭಾಗದ ಆಸುಪಾಸು. ಮನೆ ಮೇಲಿನ ಸೋಲಾರ್ ಪ್ಯಾನೆಲ್ ಇಪ್ಪತ್ತು ಭಾಗ ಹಿಡಿಯುತ್ತದೆ. ಆದರೆ ಪ್ಯಾನೆಲ್ ಮುರಿದರೆ ತಾನೇ ಚಿಗುರುವುದಿಲ್ಲ, ಬೀಜವನ್ನೂ ಬಿಡುವುದಿಲ್ಲ.

ಜೋಳಕ್ಕೂ ಭತ್ತಕ್ಕೂ ಯಾಕೆ ಈ ವ್ಯತ್ಯಾಸ? ಇಂಗಾಲದ ಡೈಆಕ್ಸೈಡ್ ಹಿಡಿಯುವ ಕೆಲಸ ರುಬಿಸ್ಕೋ ಎಂಬ ಕಿಣ್ವದ್ದು. ಇದು ಬಹಳ ನಿಧಾನ. ಸೆಕೆಂಡಿಗೆ ಬೆರಳೆಣಿಕೆಯಷ್ಟು ಅಣುಗಳನ್ನು ಮಾತ್ರ ಹಿಡಿಯುತ್ತದೆ, ಹಾಗಾಗಿ ಎಲೆಯ ತುಂಬ ಇದನ್ನೇ ತುಂಬಿಕೊಳ್ಳಬೇಕಾಗುತ್ತದೆ. ಸಾಲದ್ದಕ್ಕೆ ಸೆಕೆ ಹೆಚ್ಚಾದಾಗ ಇದು ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಎಡವಟ್ಟು ಮಾಡಿಕೊಳ್ಳುತ್ತದೆ. ಕಟ್ಟಿದ್ದನ್ನು ಬಿಚ್ಚಬೇಕಾಗುತ್ತದೆ, ಶಕ್ತಿ ದಂಡ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಇವು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಇಂಗಾಲದ ಡೈಆಕ್ಸೈಡ್ ಅನ್ನು ಮೊದಲು ಬೇರೆ ಜೀವಕೋಶಗಳಲ್ಲಿ ಹಿಡಿದು, ಒತ್ತಾಗಿ ಪೇರಿಸಿ, ಆಮೇಲೆ ರುಬಿಸ್ಕೋ ಕೈಗೆ ಕೊಡುತ್ತವೆ. ಎಡವಟ್ಟಿಗೆ ಅವಕಾಶ ಕಡಿಮೆ. ರಂಧ್ರಗಳನ್ನು ಹೆಚ್ಚು ತೆರೆಯಬೇಕಿಲ್ಲವಾದ್ದರಿಂದ ನೀರೂ ಉಳಿತಾಯ. ವಿಜಯಪುರ, ಕಲಬುರಗಿಯ ಬಿಸಿಲಲ್ಲಿ ಜೋಳ, ಕೋಲಾರ, ತುಮಕೂರಿನ ಒಣಭೂಮಿಯಲ್ಲಿ ರಾಗಿ ತಾಳಿಕೊಂಡು ಬಂದದ್ದಕ್ಕೆ ಇದೂ ಒಂದು ಕಾರಣ. ಮರಗಳಲ್ಲಿ ಈ ಉಪಾಯ ಇರುವುದು ತೀರಾ ಅಪರೂಪ. ಮಾವು, ಹಲಸು, ತೆಂಗು, ಅಡಿಕೆ ಎಲ್ಲವೂ ಭತ್ತದ ದಾರಿಯವೇ.

ಅರಳಿ ಮರ ರಾತ್ರಿ ಏನು ಮಾಡುತ್ತದೆ?

ಉಸಿರಾಡುತ್ತದೆ. ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆಮ್ಲಜನಕ ಹೊರಬರಬೇಕಾದರೆ ನೀರು ಒಡೆಯಬೇಕು, ನೀರು ಒಡೆಯಲು ಬೆಳಕು ಬೇಕು. ಅರಳಿಗೂ ಇದೇ ನಿಯಮ, ತುಳಸಿಗೂ ಇದೇ ನಿಯಮ. ಆ ಮರದ ಮೇಲಿನ ಭಕ್ತಿಗೆ ಇದರಿಂದ ಏನೂ ಕುಂದಿಲ್ಲ. ಅಶ್ವತ್ಥಕಟ್ಟೆಯ ನೆರಳು ತಂಪು, ಹಣ್ಣು ಹಕ್ಕಿಗಳಿಗೆ ಊಟ. ಅದಕ್ಕೆ ಆಕ್ಸಿಜನ್ ಸಿಲಿಂಡರ್‌ನ ಕೆಲಸ ಹೊರಿಸುವುದು ಬೇಡ. ಉಸಿರು ಕಟ್ಟುವವರಿಗೆ ಬೇಕಿರುವುದು ಆಸ್ಪತ್ರೆ. ಹಗಲಲ್ಲೂ ಮರದ ಕೆಳಗಿನ ಗಾಳಿಯಲ್ಲಿರುವ ಆಮ್ಲಜನಕ ಬಯಲಿನಲ್ಲಿರುವಷ್ಟೇ, ನೂರಕ್ಕೆ 21 ಭಾಗದ ಹತ್ತಿರ. ಗಾಳಿ ಬೆರೆತುಹೋಗುವುದರಿಂದ ಎಲೆ ಬಿಟ್ಟದ್ದು ಅಲ್ಲೇ ನಿಲ್ಲುವುದಿಲ್ಲ.

ಇದರ ತದ್ವಿರುದ್ಧ ನಂಬಿಕೆಯೂ ಉಂಟು, ರಾತ್ರಿ ಮರದ ಕೆಳಗೆ ಮಲಗಿದರೆ ಕೆಟ್ಟ ಗಾಳಿಯಿಂದ ಪ್ರಾಣ ಹೋಗುತ್ತದೆ ಅಂತ. ಅದೂ ಸುಳ್ಳು. ನಿಮ್ಮ ಪಕ್ಕದಲ್ಲಿ ಮಲಗಿದವರು ಕೋಣೆಯ ಗಿಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಅವರನ್ನು ಯಾರೂ ಹೊರಗೆ ಕಳಿಸುವುದಿಲ್ಲ.

ಹಾಗಾದರೆ ‘ರಾತ್ರಿ ಆಕ್ಸಿಜನ್ ಕೊಡುವ ಗಿಡಗಳು’ ಎಂಬ ಪಟ್ಟಿ ಎಲ್ಲಿಂದ ಹುಟ್ಟಿತು? ಅದರಲ್ಲಿ ಅರ್ಧ ಸತ್ಯ ಇದೆ. ಲೋಳೆಸರ, ಅನಾನಸ್, ಕಳ್ಳಿ, ಸ್ನೇಕ್ ಪ್ಲಾಂಟ್ ಇವು ಒಣ ಜಾಗದಲ್ಲಿ ನೀರು ಉಳಿಸಲು ಹಗಲು ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದು ಹುಳಿಯ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಸಕ್ಕರೆ ಮಾಡುತ್ತವೆ. ರಾತ್ರಿ ಎಳೆಯುತ್ತವೆ ಎಂಬುದು ನಿಜ, ರಾತ್ರಿ ಆಮ್ಲಜನಕ ತಯಾರಿಸುತ್ತವೆ ಎಂಬುದು ಸುಳ್ಳು. ಈ ಹುಳಿಯ ಸುಳಿವು ಸಿಕ್ಕಿದ್ದು ನಮ್ಮ ಕಡೆಯೇ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಸ್ಯವಿಜ್ಞಾನಿಯಾಗಿದ್ದ, ಟಿಪ್ಪು ಮರಣದ ನಂತರ ಲಾಲ್‌ಬಾಗಿನ ಉಸ್ತುವಾರಿಯನ್ನೂ ನೋಡಿದ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆ ಬೆಳಿಗ್ಗೆ ಜಗಿದರೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಗಮನಿಸಿದ. ಅವನ ಪತ್ರ 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಗಲು ಹೊತ್ತು ಆ ಹುಳಿ ಸಕ್ಕರೆಯಾಗುತ್ತಿತ್ತು ಎಂದು ಗೊತ್ತಾಗಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಒಂದು ಮರ ಎಷ್ಟು ಜನರಿಗೆ?

ಈ ಪ್ರಶ್ನೆಗೆ ಬರುವ ಫಾರ್ವರ್ಡ್‌ಗಳಲ್ಲಿ ಎರಡರಿಂದ ಹಿಡಿದು ಹದಿನೆಂಟರವರೆಗೆ ಎಲ್ಲ ಅಂಕಿಗಳೂ ಇರುತ್ತವೆ. ನಾವೇ ಲೆಕ್ಕ ಹಾಕೋಣ. ಒಬ್ಬ ಮನುಷ್ಯ ದಿನಕ್ಕೆ ಬಳಸುವ ಆಮ್ಲಜನಕ ಸುಮಾರು 550 ಲೀಟರ್, ತೂಕದಲ್ಲಿ ಮುಕ್ಕಾಲು ಕಿಲೋ. ವರ್ಷಕ್ಕೆ 270 ಕಿಲೋ ದಾಟುತ್ತದೆ. ಮರ ತನ್ನ ಮೈಯಲ್ಲಿ ಒಂದು ಕಿಲೋ ಇಂಗಾಲ ಕೂಡಿಟ್ಟಾಗ ಹೊರಬರುವ ಆಮ್ಲಜನಕ ಸುಮಾರು 2.7 ಕಿಲೋ. ಒಂದು ಮಧ್ಯಮ ಗಾತ್ರದ ಮರ ವರ್ಷಕ್ಕೆ 20 ಕಿಲೋ ಒಣ ತೂಕ ಹೆಚ್ಚಿಸಿಕೊಂಡಿತು ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ, 10 ಕಿಲೋ, ಇಂಗಾಲ. ಉಳಿತಾಯದ ಆಮ್ಲಜನಕ 27 ಕಿಲೋ. ಅಂದರೆ ಒಬ್ಬರಿಗೆ ಇಂಥ ಹತ್ತು ಮರ ಬೇಕು. ‘ಒಂದು ಮರ ನಾಲ್ಕು ಜನಕ್ಕೆ’ ಎಂಬುದು ತಲೆಕೆಳಗಾದ ಲೆಕ್ಕ.

ಹೆದರಬೇಡಿ. ಆಮ್ಲಜನಕ ಖಾಲಿಯಾಗುವ ಭಯವೇ ಇಲ್ಲ. ವಾತಾವರಣದಲ್ಲಿರುವ ಆಮ್ಲಜನಕ ಕೋಟ್ಯಂತರ ವರ್ಷಗಳ ಸಂಗ್ರಹ. ಭೂಮಿಯ ಮೇಲಿರುವ ಸಕಲ ಗಿಡ ಮರ ಪ್ರಾಣಿಗಳನ್ನೂ ಸುಟ್ಟು ಬೂದಿ ಮಾಡಿದರೂ ಅದರಲ್ಲಿ ಕಡಿಮೆಯಾಗುವುದು ಸಾವಿರದಲ್ಲಿ ಸುಮಾರು ಒಂದು ಪಾಲು. 2019ರಲ್ಲಿ ಅಮೆಜಾನ್ ಕಾಡು ಹೊತ್ತಿ ಉರಿದಾಗ ಜಗತ್ತಿನ 20 ಶೇಕಡಾ ಆಕ್ಸಿಜನ್ ಅಲ್ಲಿಂದ ಬರುತ್ತದೆ ಎಂದು ಫ್ರಾನ್ಸಿನ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರನ್ ಕೂಡ ಟ್ವೀಟ್ ಮಾಡಿದ್ದರು. ಬಲಿತ ಕಾಡು ಹಗಲು ಬಿಟ್ಟ ಆಮ್ಲಜನಕವನ್ನು ಆ ಮರಗಳೇ, ಉದುರಿದ ಎಲೆ ಕೊಳೆಸುವ ಶಿಲೀಂಧ್ರ, ಸೂಕ್ಷ್ಮಜೀವಿಗಳೇ ಬಹುಪಾಲು ಬಳಸಿ ಮುಗಿಸುತ್ತವೆ. ಉಳಿಯುವುದು ಸೊನ್ನೆಯ ಹತ್ತಿರ. ಅಮೆಜಾನ್ ಉಳಿಸಲು ಬೇರೆ ನೂರು ಕಾರಣಗಳಿವೆ, ಅದರಲ್ಲಿ ದೊಡ್ಡದು ಅಲ್ಲಿ ಕಟ್ಟಿಗೆಯಾಗಿ ನಿಂತಿರುವ ಇಂಗಾಲ.

ಕೊರತೆ ಇರುವುದು ಆಮ್ಲಜನಕದಲ್ಲಿ ಅಲ್ಲ, ಹೆಚ್ಚಾಗಿರುವುದು ಇಂಗಾಲದ ಡೈಆಕ್ಸೈಡ್. ಕೈಗಾರಿಕೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿಗೆ 280 ಇದ್ದದ್ದು ಈಗ 420 ದಾಟಿದೆ. ಸ್ವಲ್ಪವೇ ಇದ್ದದ್ದು ಒಂದೂವರೆ ಪಟ್ಟಾಗಿದೆ, ಅದರ ಪರಿಣಾಮ ಸೆಕೆಯಾಗಿ ಕಾಣುತ್ತಿದೆ. ಆದ್ದರಿಂದ ಮರದ ಬಗ್ಗೆ ಕೇಳಬೇಕಾದದ್ದು ‘ಎಷ್ಟು ಆಕ್ಸಿಜನ್ ಕೊಟ್ಟಿತು’ ಎಂದಲ್ಲ, ‘ಎಷ್ಟು ಇಂಗಾಲವನ್ನು, ಎಷ್ಟು ಕಾಲ ಹಿಡಿದಿಟ್ಟಿತು’ ಎಂದು.

ಹಿಡಿದದ್ದೆಲ್ಲ ಉಳಿಯುವುದಿಲ್ಲ

ಗಿಡ ಹಗಲಲ್ಲಿ ಗಳಿಸಿದ ಸಕ್ಕರೆಯಲ್ಲಿ ಸುಮಾರು ಅರ್ಧವನ್ನು ತನ್ನ ಜೀವನಕ್ಕೇ ಖರ್ಚು ಮಾಡುತ್ತದೆ. ಆ ಇಂಗಾಲ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಗಾಳಿಗೆ ವಾಪಸು. ಉಳಿದದ್ದರಲ್ಲಿ ಎಲೆ, ಹೂವು, ಕಾಯಿಗೆ ಹೋದದ್ದು ಒಂದೆರಡು ವರ್ಷದಲ್ಲಿ ಉದುರಿ ಕೊಳೆಯುತ್ತದೆ. ಅನ್ನವಾಗಿ ನಮ್ಮ ಹೊಟ್ಟೆಗೆ ಬಂದದ್ದನ್ನು ನಾವೇ ಉಸಿರಲ್ಲಿ ಬಿಡುತ್ತೇವೆ, ದಿನಕ್ಕೆ ಒಂದು ಕಿಲೋ ಆಸುಪಾಸು ಇಂಗಾಲದ ಡೈಆಕ್ಸೈಡ್. (ಜನಸಂಖ್ಯೆಯ ಉಸಿರಿನಿಂದಲೇ ಭೂಮಿ ಬಿಸಿಯಾಗುತ್ತಿದೆ ಎಂಬ ಫಾರ್ವರ್ಡ್ ಸುಳ್ಳಾಗುವುದು ಇಲ್ಲೇ: ನಾವು ಬಿಡುವ ಇಂಗಾಲ ಹೋದ ಹಂಗಾಮಿನಲ್ಲಿ ಭತ್ತ ಗಾಳಿಯಿಂದಲೇ ಎಳೆದದ್ದು.) ಹೆಚ್ಚು ಕಾಲ ನಿಲ್ಲುವುದು ಕಾಂಡ, ದಪ್ಪ ಬೇರು ಮತ್ತು ಮಣ್ಣಿಗೆ ಸೇರಿದ ಭಾಗ.

ಮಣ್ಣನ್ನು ನಾವು ಮರೆಯುತ್ತೇವೆ. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರ್ ಆಳದಲ್ಲಿರುವ ಸಾವಯವ ಇಂಗಾಲ, ಎಲ್ಲ ಗಿಡಮರಗಳಲ್ಲಿ ಮತ್ತು ಇಡೀ ವಾತಾವರಣದಲ್ಲಿ ಇರುವುದನ್ನು ಕೂಡಿಸಿದರೂ ಅದಕ್ಕಿಂತ ಹೆಚ್ಚು. ಉತ್ತರ ಕನ್ನಡದ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಕೊಡುತ್ತಾರಲ್ಲ, ಬೆಟ್ಟದ ಗಾಳಿಯಲ್ಲಿದ್ದ ಇಂಗಾಲ ತೋಟದ ಮಣ್ಣಿಗೆ ಇಳಿಯುವ ದಾರಿ ಅದು. ಬಹುಪಾಲು ಕೊಳೆತು ಹೋಗುತ್ತದೆ, ಒಂದು ಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಹಳ ಕಾಲ ಉಳಿಯುತ್ತದೆ. ರಸ್ತೆ ಬದಿಯಲ್ಲಿ ತರಗೆಲೆ ಗುಡಿಸಿ ಬೆಂಕಿ ಹಚ್ಚಿದರೆ ಆ ಪಾಲೂ ಇಲ್ಲ.

ಕಟ್ಟಿಗೆ ಎಷ್ಟು ಕಾಲ ಉಳಿಯುತ್ತದೆ ಎಂಬುದು ಅದನ್ನು ಏನು ಮಾಡುತ್ತೀರಿ ಎಂಬುದರ ಮೇಲಿದೆ. ನೀಲಗಿರಿ ಬೇಗ ಬೆಳೆದು ತೂಕ ಕಟ್ಟುತ್ತದೆ ನಿಜ. ಆದರೆ ಕಡಿದು ಕಾಗದ ಮಾಡಿ, ಆ ಕಾಗದ ಕಸದ ಬೆಂಕಿಗೆ ಬಿದ್ದರೆ ಕೆಲವೇ ವರ್ಷಗಳಲ್ಲಿ ಇಂಗಾಲ ವಾಪಸು. ಅದೇ ಅಜ್ಜನ ಕಾಲದ ಮನೆಯಲ್ಲಿ ನಿಂತಿರುವ 100 ಕಿಲೋ ತೂಕದ ಹಲಸಿನ ಕಂಬವನ್ನು ನೋಡಿ. ಅದರೊಳಗೆ ಸುಮಾರು 44 ಕಿಲೋ ಇಂಗಾಲ ಇದೆ. ಗಾಳಿಗೆ ಹೋದರೆ ಅದು 160 ಕಿಲೋ ಇಂಗಾಲದ ಡೈಆಕ್ಸೈಡ್. ಗೆದ್ದಲು ಹಿಡಿಯದಂತೆ ನೋಡಿಕೊಂಡಷ್ಟು ಕಾಲ ಆ ಗಾಳಿ ಕಂಬವಾಗಿಯೇ ಇರುತ್ತದೆ.

ಈಗ ಪೆಟ್ರೋಲ್ ಕಡೆ ಬನ್ನಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲ್‌ನಿಂದ ಅಷ್ಟು ಹೇಗೆ ಎಂದು ಅನುಮಾನ ಬೇಡ, ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ. ಅಷ್ಟನ್ನು ಮತ್ತೆ ಹಿಡಿಯಲು ಒಂದು ಮರ ಒಂದೂಕಾಲು ಕಿಲೋ ಒಣ ಕಟ್ಟಿಗೆ ಕಟ್ಟಬೇಕು. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿನಲ್ಲಿ ದಿನಕ್ಕೆ 20 ಕಿಲೋಮೀಟರ್, ವರ್ಷಕ್ಕೆ 300 ದಿನ ಓಡಾಡುವವರು 120 ಲೀಟರ್ ಸುಡುತ್ತಾರೆ. ಅದಕ್ಕೆ 150 ಕಿಲೋ ಒಣ ಕಟ್ಟಿಗೆ. ನಾವು ಮೇಲೆ ಹೇಳಿದ ಮಧ್ಯಮ ಮರ ಏಳೆಂಟು ಬೇಕು, ಅವು ಪ್ರತಿವರ್ಷ ಹಾಗೇ ಬೆಳೆಯುತ್ತಿರಬೇಕು, ಯಾರೂ ಕಡಿಯಬಾರದು. ಅಡುಗೆ ಮನೆಯ ಒಂದು 14.2 ಕಿಲೋ ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಅಂಥದ್ದೊಂದು ಮರದ ಒಂದು ವರ್ಷದ ದುಡಿಮೆ ಮುಗಿಯಿತು.

ಇಡೀ ಜಗತ್ತಿನ ಮಟ್ಟದಲ್ಲೂ ಕಥೆ ಹೀಗೇ. ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟು ನಾವು ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲವನ್ನು ಗಾಳಿಗೆ ಸೇರಿಸುತ್ತಿದ್ದೇವೆ. ನೆಲದ ಮೇಲಿನ ಗಿಡಮರ ಮತ್ತು ಮಣ್ಣು ಸೇರಿ ಅದರಲ್ಲಿ ಮೂರನೇ ಒಂದು ಭಾಗದಷ್ಟನ್ನು ಹೀರಿಕೊಳ್ಳುತ್ತಿವೆ, ಸಮುದ್ರ ಇನ್ನೊಂದಿಷ್ಟು. ಉಳಿದದ್ದು ಮೇಲೇ ನಿಲ್ಲುತ್ತದೆ. ಕಲ್ಲಿದ್ದಲೂ ಒಂದು ಕಾಲದ ಕಾಡೇ. ಅದರಲ್ಲಿ ದೊಡ್ಡ ಪಾಲು 30 ಕೋಟಿ ವರ್ಷದ ಹಿಂದೆ ಜವುಗು ನೆಲದಲ್ಲಿ ಕೊಳೆಯದೆ ಹೂತುಹೋದ ಗಿಡಗಳದ್ದು. ಲಕ್ಷಾಂತರ ವರ್ಷ ಹೂತು ಕೂಡಿಟ್ಟದ್ದನ್ನು ನೂರಿನ್ನೂರು ವರ್ಷದಲ್ಲಿ ಅಗೆದು ಸುಡುವಾಗ ಸಸಿಗಳು ಅದರ ವೇಗಕ್ಕೆ ಓಡಲಾರವು.

ಒಂದಕ್ಕೆ ಹತ್ತು

ಈಗ ಮೊದಲಿನ ಪ್ರಶ್ನೆ. ರಸ್ತೆ ಬದಿಯ ಒಂದು ದೊಡ್ಡ ಮರದ ಒಣ ತೂಕ 4 ಟನ್ ಎಂದಿಟ್ಟುಕೊಳ್ಳಿ. ಅದರಲ್ಲಿ 2 ಟನ್ ಇಂಗಾಲ ಇದೆ. ಕಡಿದು ಸೌದೆ ಮಾಡಿದರೆ 7 ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಸ್ವಲ್ಪ ದಿನದಲ್ಲೇ ಗಾಳಿಗೆ. ಬದಲಿಗೆ ನೆಡುವ ಪ್ಲಾಸ್ಟಿಕ್ ಚೀಲದ ಸಸಿ ಒಣಗಿಸಿದರೆ 100 ಗ್ರಾಂ ಇದ್ದೀತು. ಹತ್ತಕ್ಕೆ ಒಂದು ಕಿಲೋ. ತಕ್ಕಡಿಯ ಒಂದು ಕಡೆ 4,000 ಕಿಲೋ, ಇನ್ನೊಂದು ಕಡೆ ಒಂದು ಕಿಲೋ.

ಹತ್ತೂ ಬದುಕಿ, ಸರಾಸರಿ ವರ್ಷಕ್ಕೆ 20 ಕಿಲೋದಂತೆ ತೂಕ ಕಟ್ಟಿದರೂ ಹಳೆಯ ಮರದ ಲೆಕ್ಕ ಚುಕ್ತಾ ಆಗಲು 20 ವರ್ಷ. ಮೂರೇ ಉಳಿದರೆ 60 ವರ್ಷದ ಮೇಲೆ. ಅಷ್ಟರಲ್ಲಿ ಹಳೆಯ ಮರ ಸುಮ್ಮನೆ ನಿಂತಿರುತ್ತಿತ್ತೇ? ‘ಮುದಿ ಮರ ಬೆಳೆಯುವುದಿಲ್ಲ, ಎಳೆ ಗಿಡವೇ ಹೆಚ್ಚು ಇಂಗಾಲ ಹೀರುತ್ತದೆ’ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ 403 ಜಾತಿಯ ಮರಗಳ ಅಳತೆಗಳನ್ನು ಕಲೆಹಾಕಿದ ಅಧ್ಯಯನ ಬಂತು. ಬಹುತೇಕ ಎಲ್ಲ ಜಾತಿಗಳಲ್ಲೂ ಮರ ದೊಡ್ಡದಾದಷ್ಟೂ ವರ್ಷಕ್ಕೆ ಅದು ಸೇರಿಸಿಕೊಳ್ಳುವ ತೂಕವೂ ಹೆಚ್ಚುತ್ತ ಹೋಗುತ್ತದೆ ಎಂದು ಕಂಡಿತು. ಎತ್ತರ ನಿಂತಿರಬಹುದು, ಆದರೆ ಕಾಂಡದ ಸುತ್ತಳತೆ ದೊಡ್ಡದಾದ್ದರಿಂದ ತೆಳ್ಳನೆಯ ಒಂದು ಪದರ ಸೇರಿದರೂ ತೂಕ ಬಹಳ. ದೊಡ್ಡ ಮರಕ್ಕೆ ಎಲೆಯೂ ಜಾಸ್ತಿ.

ಸಸಿ ನೆಡಬೇಡಿ ಎಂದು ಇದರ ಅರ್ಥವಲ್ಲ. ಖಾಲಿ ಜಾಗದಲ್ಲಿ ನೆಟ್ಟ ಸಸಿ ಲಾಭವೇ. ಇರುವ ಮರವನ್ನು ಕಡಿಯಲು ಸಸಿಯನ್ನು ನೆಪ ಮಾಡಿದಾಗ ಮಾತ್ರ ಲೆಕ್ಕ ಕೇಳಬೇಕು. ಎಷ್ಟು ನೆಟ್ಟಿರಿ ಎಂದಲ್ಲ, ಮೂರು ಬೇಸಿಗೆ ದಾಟಿ ಎಷ್ಟು ಉಳಿದವು ಎಂದು. ಬಲ್ಲವರು ಯಾವಾಗಲೂ ನೀರಿನ ಕಡೆ ನೋಡುತ್ತಾರೆ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಆಲದ ಸಸಿಗಳನ್ನು ನೆಟ್ಟು ಸುಮ್ಮನಾಗಲಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು, ವರ್ಷದಿಂದ ವರ್ಷಕ್ಕೆ ಅದನ್ನೇ ಮಾಡಿದರು. ಆ ಆಲಗಳು ಈಗಲೂ ಪ್ರತಿ ಹಗಲು ರಸ್ತೆಯ ಗಾಳಿಯಿಂದ ಇಂಗಾಲ ತೆಗೆದು ಕೊಂಬೆ, ಬಿಳಲುಗಳಿಗೆ ಸೇರಿಸುತ್ತಿವೆ.